ಬನವಾಸಿಗೆ ಹೋಗುವ ಮುನ್ನ

ಬನವಾಸಿಯನ್ನು ಒಮ್ಮೆ ನೋಡಿ ಬರಬೇಕೆಂಬ ಆಸೆ ಕನ್ನಡಿಗರಲ್ಲಿ ಯಾರಿಗಿಲ್ಲ? ಆದರೆ ಹೊರಡುವಾಗ ಅವಸರ ಬೇಡ. ಶಿಕಾರಿಪುರದಿಂದ ಶಿರಾಳಕೊಪ್ಪದ ದಾರಿ ಹಿಡಿದು, ಸೊರಬದ ಸೀಮೆಯನ್ನು ಹಾದು, ಸಾವಕಾಶವಾಗಿ ವರದೆಯ ದಂಡೆಗೆ ಇಳಿಯಿರಿ. ಬನವಾಸಿಯ ಕಥೆಯ ಅರ್ಧಭಾಗ ಈ ದಾರಿಯಲ್ಲಿಯೇ ಉಂಟು.

ಶಿರಾಳಕೊಪ್ಪಕ್ಕೆ ಸಮೀಪದ ಬಳ್ಳಿಗಾವಿ ಈಗ ಒಂದು ಹಳ್ಳಿ. ಚಾಲುಕ್ಯರ ಕಾಲದಲ್ಲಾದರೋ ಅದು ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿ. ಮೂರು ಗರ್ಭಗುಡಿಗಳ ಕೇದಾರೇಶ್ವರ ದೇವಾಲಯವನ್ನು ನೋಡಿದ ಮೇಲೆ ಅಲ್ಲಿಯ ಕೋಡಿಮಠದ ನೆನಪು ಮಾಡಿಕೊಳ್ಳಿ. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದ ಆ ಮಠದಲ್ಲಿ ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವೆಂದು 1162ರ ಶಾಸನ ಸಾರುತ್ತದೆ.

ಅಲ್ಲಿಂದ ತಾಳಗುಂದ ದೂರವಲ್ಲ. ಪ್ರಣವೇಶ್ವರ ಗುಡಿಯ ಮುಂದೆ ಒಂದು ಕಲ್ಲುಕಂಬ ನಿಂತಿದೆ. ಅದರ ಮೇಲೆ ಐದನೆಯ ಶತಮಾನದಲ್ಲಿ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯವಿದೆ. ಮಯೂರಶರ್ಮ ಗುರು ವೀರಶರ್ಮನೊಡನೆ ಓದಲು ಕಂಚಿಗೆ ಹೋದದ್ದು, ಪಲ್ಲವರ ಕುದುರೆ ಸವಾರನೊಡನೆ ಕಲಹವಾದದ್ದು, ಓದು ಬಿಟ್ಟು ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ್ದು, ಎಲ್ಲವನ್ನೂ ನಾವು ಅರಿತದ್ದು ಈ ಕಂಬದಿಂದ. ಆದರೆ ಕಂಬವನ್ನು ನಿಲ್ಲಿಸಿದ್ದು ಯುದ್ಧದ ಸ್ಮರಣೆಗಲ್ಲ. ಆ ವಂಶದ ಕಾಕುಸ್ಥವರ್ಮ ಈ ಗುಡಿಗಾಗಿ ತೋಡಿಸಿದ ಕೆರೆಯನ್ನು ತಿಳಿಸಲೆಂದು!

ಇನ್ನು ಬನವಾಸಿ. ಮೂರು ಕಡೆ ಬಳಸಿ ಹರಿಯುವ ವರದಾ ನದಿ, ನಡುವೆ ಮಧುಕೇಶ್ವರನ ಗುಡಿ. ಆ ಗುಡಿಯ ಆವರಣದಲ್ಲಿ ಐದು ಹೆಡೆಯ ನಾಗಶಿಲೆಯೊಂದುಂಟು. ಮಯೂರನಿಗಿಂತ ಹಿಂದಿನದು, ಚುಟು ವಂಶದ ರಾಜಪುತ್ರಿ ಮಾಡಿದ ದಾನವನ್ನು ಪ್ರಾಕೃತದಲ್ಲಿ ಹೇಳುತ್ತದೆ. ಆಕೆ ಕೊಟ್ಟದ್ದೇನು? ಈ ನಾಗ, ಒಂದು ವಿಹಾರ, ಒಂದು ಕೆರೆ.

ಬನವಾಸಿಯೆಂದರೆ ನಮಗೆ ಮೊದಲು ನೆನಪಾಗುವುದು ಮಯೂರನ ಕತ್ತಿ. ಆದರೆ ಅಂದಿನವರು ಉಳಿಯಬೇಕೆಂದು ಕಲ್ಲಿನಲ್ಲಿ ಬರೆಸಿದ್ದು ನೀರನ್ನು, ಅನ್ನವನ್ನು, ಓದನ್ನು. ಅವಸರದಲ್ಲಿ ಹೋಗಿ ಬಂದವರಿಗೆ ಇದು ಕಾಣುವುದಿಲ್ಲ. ನೀವು ಹೋದಾಗ ಗೋಪುರ, ಶಿಖರಗಳನ್ನು ನೋಡಿದಷ್ಟೇ ಹೊತ್ತು ಆ ಕಲ್ಲುಗಳ ಮುಂದೆಯೂ ನಿಲ್ಲಿ.