ಹಡಗಿನ ರಾತ್ರಿಯೂಟ ಮತ್ತು ನಮ್ಮವರ ಉಡುಪು

ನಾಗಪುರದ ಪ್ರತಾಪ ನಗರದಿಂದ ಮುಂಬೈ ಬಂದರಿಗೆ ರೈಲು ಹಾದಿಯಲ್ಲಿ 800 ಕಿಲೋಮೀಟರಿಗೂ ಹೆಚ್ಚು ದೂರ. ಕಡಲಿನ ಗಾಳಿ ಸೋಕದ ಈ ಬಡಾವಣೆಯ ಹತ್ತಿರದಲ್ಲೇ ಒಂದು ದೊಡ್ಡ ಎಂಜಿನಿಯರಿಂಗ್ ವಿದ್ಯಾಸಂಸ್ಥೆ ಇದೆ. 1960ರಲ್ಲಿ ಆರಂಭವಾದಾಗ ಅದಕ್ಕೆ ಇಟ್ಟದ್ದು ಕನ್ನಡಿಗರೊಬ್ಬರ ಹೆಸರು: ವಿಶ್ವೇಶ್ವರಯ್ಯ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು. ಈಗ ಅದು ವಿಶ್ವೇಶ್ವರಯ್ಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ. ಆ ಹೆಸರು ಕೇಳಿದೊಡನೆ ಕಣ್ಣೆದುರು ನಿಲ್ಲುವ ಚಿತ್ರ ಎಲ್ಲರಿಗೂ ಗೊತ್ತು. ಇಸ್ತ್ರಿ ಕೆಡದ ಸೂಟು, ಕೊರಳಿಗೆ ಟೈ, ತಲೆಯ ಮೇಲೆ ಮೈಸೂರು ಪೇಟ. 1898ರಲ್ಲಿ ಜಪಾನಿಗೆ, 1908ರಲ್ಲಿ ಯುರೋಪಿಗೆ, ಆಮೇಲೂ ಹಲವು ಸಲ ಹಡಗು ಹತ್ತಿದ ವಿಶ್ವೇಶ್ವರಯ್ಯನವರು ಸೂಟನ್ನು ಒಪ್ಪಿಕೊಂಡರು, ಪೇಟವನ್ನು ಬಿಡಲಿಲ್ಲ.

ಹೊರನಾಡಿನ ಮೇಜಿನ ಮುಂದೆ ಏನು ಉಟ್ಟು ಕೂರಬೇಕು ಎಂಬ ಪ್ರಶ್ನೆಗೆ ಆ ತಲೆಮಾರು ಕಂಡುಕೊಂಡ ಉತ್ತರಗಳಲ್ಲಿ ಇದು ಒಂದು. ಇಂದು ಕ್ರೂಸ್ ಹಡಗಿನ ಟಿಕೆಟ್ ಕೊಂಡ ಮನೆಗಳಲ್ಲಿ ಪೆಟ್ಟಿಗೆ ಕಟ್ಟುವಾಗ ಅದೇ ಪ್ರಶ್ನೆ ಮತ್ತೆ ಏಳುತ್ತದೆ. ‘ಫಾರ್ಮಲ್ ನೈಟ್’ ಎಂದು ಬರೆದಿರುವ ರಾತ್ರಿ ಯಾವ ಬಟ್ಟೆ? ಕೋಟು ಹೊಲಿಸಬೇಕೇ? ಪಂಚೆ ಉಟ್ಟರೆ ಒಳಗೆ ಬಿಡುತ್ತಾರೆಯೇ? ಈ ಅಳುಕಿನ ಹಿಂದೆ ಒಂದೂವರೆ ಶತಮಾನದ ಇತಿಹಾಸ ಇದೆ.

ಬೊಂಬಾಯಿಯ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ನಾಗಪುರ ತಲುಪಿದ್ದು 1867ರಲ್ಲಿ. ಎರಡು ವರ್ಷ ಕಳೆದು, 1869ರ ನವೆಂಬರ್ 17ರಂದು ಸೂಯೆಜ್ ಕಾಲುವೆ ತೆರೆಯಿತು. ಆಫ್ರಿಕಾವನ್ನು ಬಳಸಿ ಹೋಗಬೇಕಿದ್ದ ಹಡಗುಗಳಿಗೆ ನೇರ ದಾರಿ ಸಿಕ್ಕಿತು. ಬೊಂಬಾಯಿಯಿಂದ ಇಂಗ್ಲೆಂಡಿಗೆ ಸುಮಾರು ಮೂರು ವಾರದ ಪ್ರಯಾಣ. ಟಪಾಲು ಹೊತ್ತು ಓಡಾಡುತ್ತಿದ್ದ ಪಿ ಆ್ಯಂಡ್ ಓ ಕಂಪನಿಯ ಹಡಗುಗಳಲ್ಲಿ ಅಧಿಕಾರಿಗಳು, ಅವರ ಹೆಂಡಂದಿರು, ಸೈನಿಕರು, ವ್ಯಾಪಾರಿಗಳು ತುಂಬಿರುತ್ತಿದ್ದರು. ಅಷ್ಟು ದಿನ ಒಂದೇ ಕಡೆ ಕೂಡಿ ಇರಬೇಕಾದವರಿಗೆ ದಿನದ ದೊಡ್ಡ ಘಟನೆ ಎಂದರೆ ರಾತ್ರಿಯೂಟ. ಹೊತ್ತಿಗೆ ಮುಂಚೆ ಬ್ಯೂಗಲ್ ಊದುತ್ತಿದ್ದರು. ಅದು ಊಟಕ್ಕೆ ಕರೆಯಲ್ಲ, ಬಟ್ಟೆ ಬದಲಿಸಿಕೊಳ್ಳಿ ಎಂಬ ಸೂಚನೆ. ಎರಡನೆಯ ಸಲ ಊದಿದ ಮೇಲೆ ಊಟದ ಸಲೂನಿಗೆ ಹೋಗುವುದು.

ಈ ನಿಯಮಕ್ಕೂ ವಿನಾಯಿತಿ ಇತ್ತು. ಹಡಗು ಹೊರಟ ಮೊದಲ ರಾತ್ರಿ ಮತ್ತು ದಡ ಸೇರುವ ಹಿಂದಿನ ರಾತ್ರಿ ಯಾರೂ ಊಟಕ್ಕಾಗಿ ವಿಶೇಷವಾಗಿ ಉಡುಪು ತೊಡುತ್ತಿರಲಿಲ್ಲ. ಕಾರಣ ಸರಳ. ಮೊದಲ ದಿನ ಪೆಟ್ಟಿಗೆ ಬಿಚ್ಚಿರುವುದಿಲ್ಲ, ಕೊನೆಯ ದಿನ ಆಗಲೇ ಕಟ್ಟಿ ಆಗಿರುತ್ತದೆ. ಪೆಟ್ಟಿಗೆಗಳ ಮೇಲೂ ಚೀಟಿ ಅಂಟಿಸುತ್ತಿದ್ದರು. ಕ್ಯಾಬಿನ್ನಿಗೆ ಬರಬೇಕಾದದ್ದು ಬೇರೆ, ದಾರಿಯಲ್ಲಿ ಬೇಕಾಗುವುದು ಬೇರೆ, ಬೇಡವಾದದ್ದು ಹಡಗಿನ ತಳಕ್ಕೆ. ಉಳಿದ ರಾತ್ರಿಗಳಲ್ಲಿ ಮೊದಲ ದರ್ಜೆಯ ಗಂಡಸು ಕರಿ ಕೋಟು, ಗಂಜಿ ಹಾಕಿದ ಅಂಗಿ, ಬೋ ಟೈ ತೊಟ್ಟೇ ಬರಬೇಕು. ಹೆಂಗಸರಿಗೆ ನೆಲ ಮುಟ್ಟುವ ಗೌನು.

ಗಂಡಸರು ತೊಡುತ್ತಿದ್ದ ಗಿಡ್ಡ ಡಿನ್ನರ್ ಜಾಕೆಟ್ ಕೂಡ ಬಹಳ ಹಳೆಯದೇನಲ್ಲ. 1865ರಲ್ಲಿ ಲಂಡನ್ನಿನ ಹೆನ್ರಿ ಪೂಲ್ ಅಂಗಡಿ ಅಂದಿನ ಯುವರಾಜ ಎಡ್ವರ್ಡನಿಗೆ ಮನೆಯ ಊಟಕ್ಕೆಂದು ಬಾಲವಿಲ್ಲದ ಕೋಟು ಹೊಲಿದುಕೊಟ್ಟಿತು ಎಂದು ಆ ಅಂಗಡಿಯ ಚರಿತ್ರೆ ಹೇಳುತ್ತದೆ. ಇಂಗ್ಲೆಂಡಿನ ಚಳಿಗೆ ಹೊಂದುವ ಆ ಉಣ್ಣೆಯ ಕೋಟು ಕೆಂಪು ಸಮುದ್ರದ ಸೆಕೆಯಲ್ಲಿ ಮೈ ಬೇಯಿಸುತ್ತಿತ್ತು. ಫ್ಯಾನು ಬರುವ ಮೊದಲು ಸಲೂನಿನ ಮೇಜಿನ ಮೇಲೆ ಪಂಖಾ ತೂಗುತ್ತಿದ್ದರೂ ಅದು ಸಾಲುತ್ತಿರಲಿಲ್ಲ. ಕೊನೆಗೆ ನಿಯಮವೇ ಸಡಿಲವಾಯಿತು. ಕೋಟು ಕಳಚಿ ಬಿಳಿ ಅಂಗಿ, ಕರಿ ಪ್ಯಾಂಟು, ಸೊಂಟಕ್ಕೆ ಅಗಲವಾದ ರೇಷ್ಮೆ ಪಟ್ಟಿ ಕಟ್ಟಿಕೊಂಡರೆ ಸಾಕು ಎಂದಾಯಿತು. ಅದಕ್ಕೆ ‘ರೆಡ್ ಸೀ ರಿಗ್’ ಎಂಬ ಹೆಸರು ನಿಂತಿತು. ಸೊಂಟದ ಆ ಪಟ್ಟಿ ಭಾರತದ ಕಮರ್‌ಬಂದ್. ಇಲ್ಲಿನವರ ನಡುಕಟ್ಟನ್ನು ನೋಡಿ, ಸೆಕೆಗೆ ವೇಸ್ಟ್‌ಕೋಟಿಗಿಂತ ಇದೇ ಹಿತವೆಂದು ಬ್ರಿಟಿಷ್ ಸೈನ್ಯಾಧಿಕಾರಿಗಳು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಎತ್ತಿಕೊಂಡದ್ದು. ಯುರೋಪಿನ ಅಪ್ಪಟ ಉಡುಪೆಂದು ತೋರುವ ಹಡಗಿನ ಊಟದ ಪೋಷಾಕಿನ ಒಂದು ಭಾಗ ನಮ್ಮ ನೆಲದಿಂದಲೇ ಹೋದದ್ದು.

ಆ ಮೇಜಿಗೆ ತಟ್ಟೆ ತಂದಿಡುತ್ತಿದ್ದವರೂ ನಮ್ಮ ಕರಾವಳಿಯವರೇ. ಪಿ ಆ್ಯಂಡ್ ಓ ಹಡಗುಗಳ ಊಟದ ಸಲೂನುಗಳಲ್ಲಿ ಬಡಿಸುವ ಕೆಲಸ ಬಹುಪಾಲು ಗೋವಾದ ಕ್ರೈಸ್ತರದು. ಡೆಕ್ಕಿನ ಮೇಲೆ ದುಡಿಯುತ್ತಿದ್ದ ಲಸ್ಕರರು ನೀಲಿ ನಿಲುವಂಗಿಯ ಮೇಲೆ ಕೆಂಪು ನಡುಕಟ್ಟು ಬಿಗಿದು ತಲೆಗೆ ರುಮಾಲು ಸುತ್ತಿರುತ್ತಿದ್ದರು. ದುಡಿಯುವವರ ಮೈಮೇಲೆ ಭಾರತದ ಉಡುಪು ಸಹಜವಾಗಿತ್ತು. ಅದೇ ಉಡುಪು ತೊಟ್ಟವರು ಟಿಕೆಟ್ ಕೊಂಡು ಊಟಕ್ಕೆ ಕುಳಿತುಕೊಳ್ಳುವುದು ಮಾತ್ರ ಹೊಸದು.

ಟಿಕೆಟ್ ಕೊಂಡು ಹೊರಟ ಭಾರತೀಯರಲ್ಲಿ ಒಬ್ಬರು 18 ವರ್ಷದ ಮೋಹನದಾಸ ಗಾಂಧಿ. 1888ರ ಸೆಪ್ಟೆಂಬರ್ 4ರಂದು ಬೊಂಬಾಯಿಯಲ್ಲಿ ‘ಕ್ಲೈಡ್’ ಹಡಗು ಹತ್ತಿದ ಅವರು ತಮ್ಮ ಅಂದಿನ ಸಂಕೋಚವನ್ನು ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದಿದ್ದಾರೆ. ಚಾಕು, ಫೋರ್ಕು ಹಿಡಿಯಲು ಬಾರದು. ಯಾವ ಪದಾರ್ಥದಲ್ಲಿ ಮಾಂಸವಿಲ್ಲ ಎಂದು ಕೇಳಲು ಧೈರ್ಯವಿಲ್ಲ. ಹಾಗಾಗಿ ಊಟದ ಮೇಜಿಗೇ ಹೋಗದೆ, ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನು ಕ್ಯಾಬಿನ್ನಿನಲ್ಲೇ ತಿಂದರು. ಹಡಗಿನಲ್ಲಿ ಕರಿ ಸೂಟು ತೊಟ್ಟು, ಬಿಳಿಯ ಫ್ಲ್ಯಾನೆಲ್ ಸೂಟನ್ನು ದಡ ಇಳಿಯುವ ದಿನಕ್ಕೆಂದು ಕಾದಿರಿಸಿದ್ದರು. ಸೆಪ್ಟೆಂಬರ್ ಕೊನೆಯ ಚಳಿಯಲ್ಲಿ ಇಳಿದಾಗ ಬಿಳಿ ತೊಟ್ಟವರು ಅವರೊಬ್ಬರೇ. ಹೊರಡುವ ಮುಂಚೆಯೇ ಜಾತಿಯವರು ಅವರನ್ನು ಹೊರಗಿಟ್ಟಿದ್ದರು. ಸಮುದ್ರ ದಾಟುವುದೇ ತಪ್ಪೆನ್ನುವ ಮನೆಯವರ ಲೋಕ ಹಿಂದೆ, ಉಡುಪಿನಿಂದಲೇ ಅಳೆಯುವ ಹಡಗಿನ ಲೋಕ ಮುಂದೆ. ಓದಲು ಹೊರಟ ಎಷ್ಟೋ ಹುಡುಗರು ಇವೆರಡರ ನಡುವೆ ಸಿಕ್ಕಿಕೊಂಡಿದ್ದರು.

ಹಣವಿದ್ದವರು ಇದಕ್ಕೆ ಬೇರೆಯದೇ ಪರಿಹಾರ ಕಂಡರು. ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ 1902ರಲ್ಲಿ ಹೊರಟ ಜೈಪುರದ ಮಹಾರಾಜ ಸವಾಯಿ ಮಾಧೋಸಿಂಗ್ ‘ಒಲಿಂಪಿಯಾ’ ಎಂಬ ಇಡೀ ಹಡಗನ್ನೇ ಬಾಡಿಗೆಗೆ ಹಿಡಿದರು. ಬೆಳ್ಳಿಯ ಭಾರೀ ಕೊಳಗಗಳಲ್ಲಿ ಗಂಗಾಜಲ ತುಂಬಿಸಿ ಒಯ್ದರು. ಆ ಕೊಳಗಗಳು ಇಂದಿಗೂ ಜೈಪುರದ ಸಿಟಿ ಪ್ಯಾಲೇಸಿನಲ್ಲಿವೆ. ಇಡೀ ಹಡಗೇ ತಮ್ಮದಾದಾಗ ಉಡುಪಿನ ನಿಯಮವೂ ತಮ್ಮದೇ.

ಸಾಮಾನ್ಯ ಪ್ರಯಾಣಿಕನಿಗೆ ಆ ದಾರಿ ಇರಲಿಲ್ಲ. ಅವನು ಬೇರೆಯವರ ಹಡಗಿನಲ್ಲಿ, ಬೇರೆಯವರ ಮೇಜಿನಲ್ಲಿ ತನ್ನತನ ಉಳಿಸಿಕೊಳ್ಳಬೇಕಿತ್ತು. 1893ರ ಮೇ 31ರಂದು ಬೊಂಬಾಯಿಯಿಂದ ‘ಪೆನಿನ್ಸುಲಾರ್’ ಹಡಗಿನಲ್ಲಿ ಹೊರಟ ಸ್ವಾಮಿ ವಿವೇಕಾನಂದರ ಕತೆ ಇಲ್ಲಿ ನೆನೆಯಬೇಕಾದದ್ದು. ಹಿಂದಿನ ವರ್ಷವಷ್ಟೇ ಅವರು ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. ಮೊದಲ ದರ್ಜೆಯ ಟಿಕೆಟು, ರೇಷ್ಮೆಯ ನಿಲುವಂಗಿ, ರುಮಾಲು ಒದಗಿಸಿದವರು ಖೇತಡಿಯ ರಾಜ ಅಜಿತ್ ಸಿಂಗ್. ಜುಲೈನಲ್ಲಿ ಯೊಕೊಹಾಮಾದಿಂದ ವ್ಯಾಂಕೂವರಿಗೆ ಹೊರಟ ‘ಎಂಪ್ರೆಸ್ ಆಫ್ ಇಂಡಿಯಾ’ ಹಡಗಿನಲ್ಲಿ ಬೆಚ್ಚನೆಯ ಬಟ್ಟೆಯಿಲ್ಲದೆ ಅವರು ಚಳಿಗೆ ನಡುಗಿದರು. ಅದೇ ಹಡಗಿನಲ್ಲಿದ್ದ ಇನ್ನೊಬ್ಬ ಭಾರತೀಯ ಜಮ್‌ಶೆಟ್ಜಿ ಟಾಟಾ. ಪಾರ್ಸಿ ಪಗಡಿಯ ಈ ಉದ್ಯಮಿ 1877ರ ಜನವರಿ 1ರಂದು ನಾಗಪುರದಲ್ಲಿ ಎಂಪ್ರೆಸ್ ಮಿಲ್ ತೆರೆದು, ಆ ಊರನ್ನು ಬಟ್ಟೆಯ ಊರಾಗಿಸಿದವರು. ಆ ಪ್ರಯಾಣವನ್ನು ನೆನೆದು 1898ರಲ್ಲಿ ಅವರು ಸ್ವಾಮೀಜಿಗೆ ಪತ್ರ ಬರೆದರು. ಅವರು ಕನಸು ಕಂಡ ವಿಜ್ಞಾನ ಸಂಸ್ಥೆ ಮೈಸೂರು ಸಂಸ್ಥಾನ ಕೊಟ್ಟ ನೆಲದಲ್ಲಿ, ಬೆಂಗಳೂರಿನಲ್ಲಿ ಎದ್ದು ನಿಂತಿತು.

ಅಮೆರಿಕದ ಬೀದಿಗಳಲ್ಲಿ ತಮ್ಮ ಉಡುಪು ನೋಡಲು ಜನ ಗುಂಪುಗಟ್ಟುವುದನ್ನು ಕಂಡ ವಿವೇಕಾನಂದರು ಊರಿನವರಿಗೆ ಒಂದು ನಿರ್ಧಾರ ಬರೆದು ತಿಳಿಸಿದರು. ದಿನದ ಓಡಾಟಕ್ಕೆ ಉದ್ದನೆಯ ಕರಿ ಕೋಟು, ಭಾಷಣಕ್ಕೆ ನಿಲುವಂಗಿ ಮತ್ತು ರುಮಾಲು. ನಮ್ಮ ಉಡುಪನ್ನು ಮನೆಯೊಳಗೆ ಮುಚ್ಚಿಟ್ಟು ಪರರ ಉಡುಪನ್ನು ಸಭೆಗೆ ತೊಡುವುದು ಸುಲಭದ ದಾರಿ. ಅವರು ತಿರುಗಿಸಿದರು: ದೊಡ್ಡ ಸಭೆಗೆ ನಮ್ಮದು. ಉಡುಪಿನ ಇತಿಹಾಸದಲ್ಲಿ ಇದು ಸಣ್ಣ ತಿರುವಲ್ಲ.

1921ರ ಬೇಸಿಗೆಯಲ್ಲಿ ಆಕ್ಸ್‌ಫರ್ಡ್ ಸಮ್ಮೇಳನಕ್ಕೆ ಹೋದ ಸಿ.ವಿ. ರಾಮನ್ ಇನ್ನೊಬ್ಬ ರುಮಾಲಿನ ಪ್ರಯಾಣಿಕ. ಹತ್ತು ವರ್ಷ ಹಿಂದೆ ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾಗಿ ನಾಗಪುರದಲ್ಲಿ ಕೆಲಸ ಮಾಡಿದ್ದ ಅವರು ಮರಳುವಾಗ ‘ನಾರ್ಕುಂಡಾ’ ಹಡಗಿನ ಡೆಕ್ಕಿನಿಂದ ಪ್ರಿಸಂ ಹಿಡಿದು ಮೆಡಿಟರೇನಿಯನ್ ಕಡಲಿನ ನೀಲಿಯನ್ನು ಪರೀಕ್ಷಿಸಿದರು. ಅದರ ಟಿಪ್ಪಣಿಗೆ ಬೊಂಬಾಯಿ ಬಂದರಿನಲ್ಲಿ ಹಾಕಿದ ತಾರೀಖು ಸೆಪ್ಟೆಂಬರ್ 26. ಒಂಬತ್ತು ವರ್ಷದ ಮೇಲೆ ಸ್ಟಾಕ್‌ಹೋಮಿನಲ್ಲಿ ನೊಬೆಲ್ ಪಡೆಯುವಾಗಲೂ, ಬಾಲದ ಕೋಟಿನವರ ನಡುವೆ, ರಾಮನ್ ತಲೆಯ ಮೇಲೆ ರುಮಾಲು ಇತ್ತು. 1933ರಲ್ಲಿ ಅವರು ಬಂದು ಸೇರಿದ್ದು ಟಾಟಾ ಕನಸಿನ ಆ ಬೆಂಗಳೂರು ಸಂಸ್ಥೆಗೇ.

‘ನಾರ್ಕುಂಡಾ’ ಬೊಂಬಾಯಿ ಸೇರುವ ಕೆಲವೇ ದಿನ ಮುಂಚೆ, 1921ರ ಸೆಪ್ಟೆಂಬರ್ 22ರಂದು, ಮಧುರೆಯಲ್ಲಿ ಗಾಂಧೀಜಿ ಅಂಗಿ ಟೊಪ್ಪಿಗೆ ತೊರೆದು ತುಂಡು ಪಂಚೆ ಉಟ್ಟರು. ಹಿಂದಿನ ಡಿಸೆಂಬರಿನಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನ ಅಸಹಕಾರವನ್ನು ಒಪ್ಪಿ ಖಾದಿಯನ್ನು ರಾಜಕೀಯದ ನಡುವೆ ತಂದಿತ್ತು. ಹತ್ತು ವರ್ಷದ ನಂತರ, 1931ರ ಆಗಸ್ಟ್ 29ರಂದು, ಅದೇ ತುಂಡು ಪಂಚೆಯಲ್ಲಿ ಅವರು ‘ರಜಪುತಾನಾ’ ಹಡಗು ಹತ್ತಿದರು. ಎರಡನೆಯ ದರ್ಜೆಯ ಟಿಕೆಟು, ಡೆಕ್ಕಿನ ಮೇಲೆ ನಿದ್ದೆ. ನವೆಂಬರಿನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಚಹಾಕೂಟಕ್ಕೂ ಅದೇ ಪಂಚೆ, ಮೇಲೊಂದು ಶಾಲು. ‘ಕ್ಲೈಡ್’ ಹಡಗಿನ ಕ್ಯಾಬಿನ್ನಿನಲ್ಲಿ ಅಡಗಿ ಉಂಡ ಹುಡುಗ ನಡೆದು ಬಂದ ದೂರ ಇದು.

ಹೆಣ್ಣುಮಕ್ಕಳು ಈ ವಿಷಯದಲ್ಲಿ ಮೊದಲಿನಿಂದಲೂ ಹೆಚ್ಚು ಗಟ್ಟಿಯಾಗಿದ್ದರು. ವೈದ್ಯಶಾಸ್ತ್ರ ಓದಲು 1883ರ ಏಪ್ರಿಲ್ 7ರಂದು ಕಲ್ಕತ್ತೆಯಿಂದ ಅಮೆರಿಕಕ್ಕೆ ಹೊರಟ ಆನಂದಿಬಾಯಿ ಜೋಶಿ ತಮ್ಮ ಉಡುಪನ್ನೂ ಶಾಕಾಹಾರವನ್ನೂ ಬಿಡುವುದಿಲ್ಲವೆಂದು ನಿಶ್ಚಯಿಸಿಯೇ ಹೋದರು. ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ 1929ರಲ್ಲಿ ಬರ್ಲಿನ್ನಿನ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನಕ್ಕೆ ಹೋದದ್ದು ಸೀರೆಯಲ್ಲೇ. ಭಾರತದ್ದೆನ್ನುವ ಬಾವುಟ ಅಲ್ಲಿ ಇಲ್ಲದ್ದನ್ನು ಕಂಡು ಸೀರೆಗಳ ಬಟ್ಟೆಯಿಂದಲೇ ಬಾವುಟ ಮಾಡಿದ ಸಂಗತಿಯನ್ನು ಅವರು ಮುಂದೆ ನೆನೆದಿದ್ದಾರೆ. ಗಂಡಸರು ಸೂಟಿಗೂ ಪೇಟಕ್ಕೂ ಸಂಧಾನ ಮಾಡಿಸುತ್ತಿದ್ದ ಕಾಲದಲ್ಲಿ ಸೀರೆಗೆ ಯಾವ ಸಂಧಾನವೂ ಬೇಕಾಗಲಿಲ್ಲ.

ಸ್ವಾತಂತ್ರ್ಯದ ನಂತರ ಭಾರತದ ರಾಯಭಾರಿಗಳು, ಅಧಿಕಾರಿಗಳು ಕೊರಳು ಮುಚ್ಚುವ ಬಂದ್‌ಗಲಾ ಕೋಟಿನಲ್ಲಿ ವಿದೇಶದ ಔತಣಗಳಿಗೆ ಹೋಗತೊಡಗಿದರು. ಇತ್ತ ವಿಮಾನಗಳು ಬಂದವು. 1967ರಿಂದ 1975ರವರೆಗೆ ಸೂಯೆಜ್ ಮುಚ್ಚಿತ್ತು. ಊರು ಸೇರಿಸುವ ಹಡಗುಗಳ ಕಾಲ ಮುಗಿದು ವಿಹಾರದ ಹಡಗುಗಳ ಕಾಲ ಬಂತು. ಉಡುಪಿನ ನಿಯಮವೂ ಮೆತ್ತಗಾಯಿತು. ನಾರ್ವೇಜಿಯನ್ ಕ್ರೂಸ್ ಲೈನ್ 2000ದ ಹೊತ್ತಿಗೆ ಕಡ್ಡಾಯದ ಫಾರ್ಮಲ್ ರಾತ್ರಿಗಳನ್ನೇ ಕೈಬಿಟ್ಟಿತು. ಹಳೆಯ ಶಿಸ್ತನ್ನು ಇಂದಿಗೂ ಕಾಪಾಡಿಕೊಂಡಿರುವ ಕುನಾರ್ಡ್ ಹಡಗುಗಳಲ್ಲೂ ಗಾಲಾ ರಾತ್ರಿಯ ನಿಯಮ ಡಿನ್ನರ್ ಜಾಕೆಟ್ ಮತ್ತು ಗಾಢ ಬಣ್ಣದ ಸೂಟಿನ ಜೊತೆಗೆ ಆಯಾ ದೇಶದ ವಿಧಿವತ್ತಾದ ಉಡುಪನ್ನೂ ಒಪ್ಪುತ್ತದೆ. ಪೇಟ, ರುಮಾಲು, ಸೀರೆ ತೊಟ್ಟ ಪ್ರಯಾಣಿಕರು ತಲೆಮಾರುಗಟ್ಟಲೆ ಆ ಮೇಜುಗಳಲ್ಲಿ ಕುಳಿತದ್ದಕ್ಕೆ ಆ ನಿಯಮದಲ್ಲಿ ಪಾಲಿದೆ ಎಂದು ನಂಬಬಹುದು.

ಕಡಲ ಮೇಲೆ ಸಡಿಲವಾದದ್ದು ದಡದ ಮೇಲೆ ಇನ್ನೂ ಪೂರ್ತಿ ಸಡಿಲವಾಗಿಲ್ಲ. 2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಪಂಚೆ ಉಟ್ಟ ಹಿರಿಯ ರೈತರೊಬ್ಬರನ್ನು ಬಾಗಿಲಲ್ಲೇ ತಡೆದರು. ವಿಧಾನಮಂಡಲದಲ್ಲೂ ಅದು ಚರ್ಚೆಯಾಗಿ ಮಾಲ್ ಕೆಲಕಾಲ ಮುಚ್ಚಬೇಕಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಭಾರತೀಯ ನೌಕಾಪಡೆ ತನ್ನ ಅಧಿಕಾರಿಗಳ ಮೆಸ್‌ಗಳಲ್ಲಿ ಕುರ್ತಾ ಪೈಜಾಮಕ್ಕೆ ಅನುಮತಿ ಕೊಟ್ಟಿತ್ತು. ಬ್ರಿಟಿಷರಿಂದ ಊಟದ ಶಿಸ್ತನ್ನು ಪಡೆದ ಪಡೆಯೇ ಬಾಗಿಲು ತೆರೆದಿರುವಾಗ ಊರೊಳಗಿನ ಅಂಗಡಿಗಳೂ ಕ್ಲಬ್ಬುಗಳೂ ಮುಚ್ಚಿಕೊಂಡಿರುವುದು ಸರಿಯಲ್ಲ.

ಹಾಗಾಗಿ ಪ್ರತಾಪ ನಗರದಿಂದಾಗಲಿ ಬಸವನಗುಡಿಯಿಂದಾಗಲಿ ಕ್ರೂಸಿಗೆ ಹೊರಟವರು ಮೊದಲು ತಮ್ಮ ಹಡಗಿನ ಉಡುಪಿನ ನಿಯಮವನ್ನು ಓದಿಕೊಳ್ಳಲಿ. ಈಜುಡುಗೆ, ಹವಾಯಿ ಚಪ್ಪಲಿ ಊಟದ ಸಲೂನಿಗೆ ಸಾಮಾನ್ಯವಾಗಿ ಸಲ್ಲವು. ಫಾರ್ಮಲ್ ರಾತ್ರಿಗೆ ದೇಶೀಯ ಉಡುಪು ಆಗಬಹುದೆಂದು ಬರೆದಿದ್ದರೆ ಒಮ್ಮೆಯಷ್ಟೇ ತೊಡುವ ಟಕ್ಸಿಡೋಗೆ ದುಡ್ಡು ಸುರಿಯಬೇಕಿಲ್ಲ. ಹೆಚ್ಚು ಜಾಗ ಬೇಡದ ಮೈಸೂರು ರೇಷ್ಮೆ ಸೀರೆ, ಜರಿ ಅಂಚಿನ ಪಂಚೆ ಶಲ್ಯ ಅಥವಾ ಕೊರಳು ಮುಚ್ಚುವ ಕರಿ ಕೋಟು, ಮನೆಯಲ್ಲಿದ್ದರೆ ಒಂದು ಪೇಟ ಪೆಟ್ಟಿಗೆಗೆ ಸೇರಲಿ. ಬರೆದಿಲ್ಲವಾದರೆ ಟಿಕೆಟ್ ಕೊಳ್ಳುವಾಗಲೇ ಕಂಪನಿಯವರನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.