ಕಾರ್ಖಾನೆ ಕರೆದ ದಾರಿ

ಫಿಟ್ಟರ್, ಟರ್ನರ್, ವೆಲ್ಡರ್ ಎಂದು ಕಸುಬು ಕಲಿತ ಹುಡುಗರ ಬಾಳಿನ ದಾರಿಯನ್ನು ಅವರ ಇಷ್ಟಕ್ಕಿಂತ ಹೆಚ್ಚಾಗಿ ಕಾರ್ಖಾನೆಗಳ ಅಗತ್ಯವೇ ನಿರ್ಧರಿಸಿದೆ. ಬೆಂಗಳೂರಿನ ಕೈಗಾರಿಕಾ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ.

1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಹುಟ್ಟಿತು. ಯುದ್ಧಕಾಲದ ವಿಮಾನ ದುರಸ್ತಿಗೆ ನುರಿತ ಕೈಗಳು ಬೇಕಾದವು. ಇಂಥ ಕೆಲಸಗಾರರು ಕಾರ್ಖಾನೆಯೊಳಗೇ ತಯಾರಾದರೆ ಸಾಲದೆಂದು ಬಗೆದವರು ಸರ್ ಎಂ. ವಿಶ್ವೇಶ್ವರಯ್ಯ. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಬರಬೇಕಿದ್ದ ಹಣವನ್ನು ಅವರು ಕಸುಬಿನ ಶಿಕ್ಷಣಕ್ಕೆ ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು.

ಸ್ವಾತಂತ್ರ್ಯಾನಂತರ, 1950ರಲ್ಲಿ ಕೇಂದ್ರ ಸರ್ಕಾರ ಕುಶಲಕರ್ಮಿಗಳ ತರಬೇತಿ ಯೋಜನೆಯನ್ನು ಜಾರಿಗೆ ತಂದಿತು. ಇಂದಿನ ಐಟಿಐಗಳ ಬೇರು ಇದೇ. 1953ರಲ್ಲಿ ಎಚ್‌ಎಂಟಿ ಬಂದಾಗ ಲೇತ್ ನಡೆಸಬಲ್ಲವರಿಗೆ ಬೇಡಿಕೆ ಹೆಚ್ಚಿತು. 1961ರಲ್ಲಿ ಅದು ಗಡಿಯಾರಕ್ಕೂ ಕೈಹಾಕಿತು. ಸೂಕ್ಷ್ಮ ಜೋಡಣೆಯ ಕೆಲಸದಲ್ಲಿ ಹೆಣ್ಣುಮಕ್ಕಳಿಗೂ ಜಾಗ ದೊರೆಯಿತು. ಅದೇ ವರ್ಷದ ಅಪ್ರೆಂಟಿಸ್ ಕಾಯ್ದೆ ಕಾರ್ಖಾನೆಯನ್ನೇ ಎರಡನೆಯ ಶಾಲೆಯಾಗಿಸಿತು. ಶಾಲೆಯ ಲೇತ್‌ನಲ್ಲಿ ತುಣುಕು ಕೆಟ್ಟರೆ ಇನ್ನೊಂದು ಸಿಗುತ್ತದೆ; ಕಾರ್ಖಾನೆಯಲ್ಲಿ ಕೆಟ್ಟರೆ ನಷ್ಟ. ವೇಗ, ಅಳತೆಯ ಕಟ್ಟುನಿಟ್ಟು, ಪಾಳಿಯ ಶಿಸ್ತು ಹುಡುಗನ ಮೈಗೂಡುತ್ತಿದ್ದುದು ಅಲ್ಲಿಯೇ. ಸರ್ಕಾರಿ ಕಾರ್ಖಾನೆಯ ಕಾಯಂ ನೌಕರಿ, ಕ್ವಾರ್ಟರ್ಸು, ಬಡ್ತಿ ಎಂಬ ಕನಸು ಬೆಳೆದದ್ದೂ ಅಲ್ಲಿಯೇ.

ಆದರೆ ಬೇಡಿಕೆ ಒಂದೇ ಕಡೆ ನಿಲ್ಲುವುದಿಲ್ಲ. ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳು ಬಂದಾಗ ಕೈಯ ಹದಕ್ಕಿದ್ದ ಬೆಲೆ ಇಳಿಯಿತು. ನಕ್ಷೆ ಓದಲು, ಲೆಕ್ಕ ಹಾಕಲು ಬಲ್ಲವರಿಗೆ ಹೊಸ ಯಂತ್ರಕ್ಕೆ ಒಗ್ಗಿಕೊಳ್ಳುವುದು ಸುಲಭ. ಒಂದೇ ಕೆಲಸದಲ್ಲಿ ಪಳಗಿದವರಿಗೆ ಕಷ್ಟ. 2016ರ ಜನವರಿಯಲ್ಲಿ ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಗಡಿಯಾರವನ್ನೇ ನಂಬಿ ಕಲಿತಿದ್ದ ಕಸುಬಿಗೆ ನೆಲೆಯೇ ತಪ್ಪಿತು.

ಅದೇ 2016ರಲ್ಲಿ, ಪಾಠ ಐಟಿಐಯಲ್ಲಿ, ಕೈಕೆಲಸ ಕಾರ್ಖಾನೆಯಲ್ಲಿ ಎಂಬ ಜೋಡಿ ತರಬೇತಿ ಪದ್ಧತಿಯನ್ನು ಕೇಂದ್ರ ಆರಂಭಿಸಿತು. ಇದರಿಂದ ಉದ್ಯೋಗ ಬೇಗ ಸಿಗಬಹುದು. ಆದರೆ ಕಾರ್ಖಾನೆಗೆ ಇಂದು ಬೇಕಾದಷ್ಟನ್ನೇ ಕಲಿತವನು ನಾಳೆ ಅದರ ಅಗತ್ಯ ಬದಲಾದಾಗ ಬರಿಗೈಯಾಗುತ್ತಾನೆ. ಗಣಿತ, ನಕ್ಷೆ, ಅಳತೆಗಳ ಬುನಾದಿ ಗಟ್ಟಿಯಿದ್ದವನಿಗೆ ಯಂತ್ರ ಬದಲಾದರೂ ಅನ್ನದ ದಾರಿ ಮುಚ್ಚುವುದಿಲ್ಲ.