ಹೆಬ್ಬಾತಿನ ಮೊಟ್ಟೆಯ ತೊಡಕುಗಳು ಮತ್ತು ಕ್ಯಾಲ್ಸಿಯಂ: ಅರಿವಿನ ಚರಿತ್ರೆ

ಹೆಣ್ಣು ಹೆಬ್ಬಾತು ತೆಳುಚಿಪ್ಪಿನ ಅಥವಾ ಚಿಪ್ಪೇ ಇಲ್ಲದ ಮೊಟ್ಟೆ ಇಡುವುದು, ಬೆಳೆದ ಮೊಟ್ಟೆ ಅಂಡನಾಳದಲ್ಲಿ ಸಿಕ್ಕಿಕೊಳ್ಳುವುದು, ತಿಣುಕಿದಾಗ ಅಂಡನಾಳವೇ ಹೊರಕ್ಕೆ ಜಾರುವುದು, ಹಳದಿ ಭಾಗ ನಾಳಕ್ಕೆ ಇಳಿಯದೆ ಹೊಟ್ಟೆಯ ಪೊಳ್ಳಿಗೆ ಬಿದ್ದು ಸೋಂಕಿಗೆ ದಾರಿಯಾಗುವುದು ಇವು ಅಂಗಳದಲ್ಲಿ ಸಾಕಿದ ಹೆಬ್ಬಾತುಗಳಲ್ಲಿ ಕಾಣುವ ಮುಖ್ಯ ತೊಡಕುಗಳು. ಮೊದಲ ಎರಡರ ಹಿಂದೆ ಹಲವು ಸಲ ಕ್ಯಾಲ್ಸಿಯಂ ಕೊರತೆ ಇರುತ್ತದೆ. ಉಳಿದೆರಡರಲ್ಲಿ ಅತಿಯಾದ ಕೊಬ್ಬು, ಎಳೆಯ ವಯಸ್ಸಿನಲ್ಲೇ ಮೊಟ್ಟೆಗೆ ಬರುವುದು, ಸೋಂಕು ಮೊದಲಾದವು ಹೆಚ್ಚಿನ ಪಾತ್ರ ವಹಿಸುತ್ತವೆ. ಈ ವಿಷಯದ ಬರಹಗಳಲ್ಲಿ ಎರಡು ಗೊಂದಲಗಳು ಬಹುಕಾಲದಿಂದ ಉಳಿದುಬಂದಿವೆ: ಕೋಳಿಯ ಮೇಲಿನ ಪ್ರಯೋಗಗಳಿಂದ ದೊರೆತ ಅಂಕಿಗಳನ್ನು ಹೆಬ್ಬಾತಿಗೂ ಹಾಗೆಯೇ ಅನ್ವಯಿಸುವುದು ಒಂದು, ಎಲ್ಲ ತೊಡಕುಗಳನ್ನೂ ಸುಣ್ಣದ ಕೊರತೆಯೆಂದೇ ಬಗೆಯುವುದು ಇನ್ನೊಂದು.

ಸಾಕು ಹೆಬ್ಬಾತಿಗೆ ಎರಡು ಕಾಡುಮೂಲಗಳಿವೆ. ಯುರೋಪಿನ ತಳಿಗಳು ಬೂದು ಹೆಬ್ಬಾತಿನಿಂದ ಬಂದವು. ಚೀನೀ ತಳಿಗಳು ಪೂರ್ವ ಏಷ್ಯಾದ, ಉದ್ದ ಕತ್ತಿನ ಇನ್ನೊಂದು ಪ್ರಭೇದದಿಂದ ಬಂದವು. ಭಾರತದ ಹಿಂಡುಗಳು ಇವೆರಡರ ಬೆರಕೆಯೆಂಬ ಸಂಗತಿ ಚಾರ್ಲ್ಸ್ ಡಾರ್ವಿನ್‌ನ 1859ರ ಗ್ರಂಥದಲ್ಲೇ ದಾಖಲಾಗಿದೆ. ಬ್ಲೈಥ್ ಮತ್ತು ಹಟ್ಟನ್ ಎಂಬುವರು ತಿಳಿಸಿದ ಪ್ರಕಾರ, ಭಾರತದ ಹಲವೆಡೆ ಬೆರಕೆ ಹೆಬ್ಬಾತುಗಳ ಹಿಂಡುಗಳನ್ನೇ ಸಾಕಲಾಗುತ್ತಿತ್ತು. ಎರಡು ಪ್ರಭೇದಗಳ ಬೆರಕೆಗೂ ಸಂತಾನಶಕ್ತಿ ಇರಬಲ್ಲದು ಎಂಬುದಕ್ಕೆ ಡಾರ್ವಿನ್ ಇದನ್ನು ಸಾಕ್ಷಿಯಾಗಿ ಬಳಸಿಕೊಂಡನು. ಈ ಬೆರಕೆಗೆ ಮೊಟ್ಟೆಯ ವಿಚಾರದಲ್ಲಿಯೂ ಮಹತ್ವವಿದೆ: ಚೀನೀ ಮೂಲದ ಹಕ್ಕಿ ಯುರೋಪಿನದಕ್ಕಿಂತ ಹೆಚ್ಚು ಮೊಟ್ಟೆ ಇಡುವುದರಿಂದ, ಚೀನೀ ರಕ್ತ ಹೆಚ್ಚಿದಷ್ಟೂ ಹಕ್ಕಿಯ ಎಲುಬಿನ ಮೇಲೆ ಬೀಳುವ ಹೊರೆಯೂ ಹೆಚ್ಚುತ್ತದೆ.

ಚಿಪ್ಪಿನ ಸುಣ್ಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ವಿಜ್ಞಾನಿಗಳನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲ ಕಾಡಿತು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವೋಕ್ಲಾಂ 1799ರಲ್ಲಿ ಕೋಳಿಯೊಂದಕ್ಕೆ ಅಳೆದ ಓಟ್ಸ್ ಮಾತ್ರ ತಿನ್ನಿಸಿ, ಅದರ ಹಿಕ್ಕೆ ಮತ್ತು ಮೊಟ್ಟೆಯ ಚಿಪ್ಪುಗಳನ್ನು ಪರೀಕ್ಷಿಸಿದಾಗ, ಒಳಹೋದುದಕ್ಕಿಂತ ಹೊರಬಂದ ಸುಣ್ಣವೇ ಹೆಚ್ಚಾಗಿತ್ತು. ಹಕ್ಕಿಯ ದೇಹವೇ ಸುಣ್ಣವನ್ನು ಸೃಷ್ಟಿಸಿರಬಹುದೆಂಬ ಊಹೆಗೆ ಇದು ಎಡೆಮಾಡಿತು. ಇಂಗ್ಲೆಂಡಿನ ವಿಲಿಯಂ ಪ್ರೌಟ್ 1822ರಲ್ಲಿ ಇನ್ನೊಂದು ತುದಿಯಿಂದ ಇದೇ ಒಗಟನ್ನು ಮುಟ್ಟಿದನು. ಕಾವಿನ ಕೊನೆಗೆ ಮರಿಯ ಎಲುಬಿನಲ್ಲಿ ದೊರೆಯುವ ಸುಣ್ಣ ಮೊಟ್ಟೆಯ ಒಳಭಾಗದಲ್ಲಿ ಮೊದಲು ಇದ್ದುದಕ್ಕಿಂತ ಹೆಚ್ಚು ಎಂದು ಕಂಡುಕೊಂಡರೂ, ಅದು ಎಲ್ಲಿಂದ ಬಂದಿತೆಂದು ಹೇಳಲು ಅವನಿಗೆ ಆಗಲಿಲ್ಲ. ಭ್ರೂಣವು ತನ್ನ ಹೊರಪೊರೆಯ ರಕ್ತನಾಳಗಳ ಮೂಲಕ ಚಿಪ್ಪನ್ನೇ ಕರಗಿಸಿ ಹೀರಿಕೊಳ್ಳುತ್ತದೆ ಎಂಬುದು ಈಗ ಖಚಿತವಾಗಿದೆ. ವೋಕ್ಲಾಂನ ಒಗಟು ಮಾತ್ರ 20ನೆಯ ಶತಮಾನದಲ್ಲಿ ವಿಚಿತ್ರ ರೂಪದಲ್ಲಿ ಮರಳಿತು: ಫ್ರಾನ್ಸಿನವನೇ ಆದ ಲೂಯಿ ಕೆರ್ವ್ರಾಂ, ಕೋಳಿಯ ದೇಹದಲ್ಲಿ ಪೊಟ್ಯಾಸಿಯಂ ಕ್ಯಾಲ್ಸಿಯಂ ಆಗಿ ಮಾರ್ಪಡುತ್ತದೆ ಎಂದು ವಾದಿಸಿದನು. ವಿಜ್ಞಾನಲೋಕ ಇದನ್ನು ಒಪ್ಪಲಿಲ್ಲ. 1993ರಲ್ಲಿ ವ್ಯಂಗ್ಯಕ್ಕೆಂದೇ ಕೊಡುವ ಇಗ್ ನೊಬೆಲ್ ಪ್ರಶಸ್ತಿ ಈ ವಾದಕ್ಕೆ ಸಂದಿತು.

ಒಗಟನ್ನು ಬಿಡಿಸಿದ್ದು 1934ರ ಒಂದು ಲೇಖನ. ಕೈಸ್ ಮತ್ತು ಪಾಟರ್ ಎಂಬ ಅಮೆರಿಕದ ಸಂಶೋಧಕರು, ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಪಾರಿವಾಳದ ಎಲುಬಿನ ಪೊಳ್ಳಿನೊಳಗೆ, ಮಜ್ಜೆ ಇರುವ ಜಾಗದಲ್ಲಿ, ಹೊಸ ಎಲುಬು ಬೆಳೆದು ಬಳಿಕ ಕರಗುವುದನ್ನು ವಿವರಿಸಿದರು. ಮಜ್ಜಾಸ್ಥಿ ಎನ್ನಬಹುದಾದ ಈ ಎಲುಬು ದೇಹಕ್ಕೆ ಆಧಾರವಾಗಿ ನಿಲ್ಲುವಂಥದಲ್ಲ, ಚಿಪ್ಪಿಗಾಗಿ ಕೂಡಿಟ್ಟ ಸುಣ್ಣದ ಕಣಜ. ಹೆಣ್ಣು ಹಾರ್ಮೋನಿನ ಪ್ರಚೋದನೆಯಿಂದ ಬೆಳೆದು, ಕರುಳಿನಿಂದ ಬರುವ ಕ್ಯಾಲ್ಸಿಯಂ ಸಾಲದಾದಾಗ ಅದು ಕರಗುತ್ತದೆ. ವೋಕ್ಲಾಂನ ಕೋಳಿ ಸುಣ್ಣವನ್ನು ಸೃಷ್ಟಿಸಿರಲಿಲ್ಲ, ತನ್ನ ಎಲುಬನ್ನು ಖರ್ಚು ಮಾಡಿತ್ತು. ಸೂರ್ಯನ ಬೆಳಕು ಮತ್ತು ‘ಡಿ’ ಜೀವಸತ್ವದ ಶೋಧಕ್ಕೆ ಗ್ರಂಥಗಳಲ್ಲಿ ಹೆಚ್ಚು ಪುಟಗಳು ಮೀಸಲಾಗಿದ್ದರೂ, ಅಂಗಳದ ಹಕ್ಕಿಯ ಮಟ್ಟಿಗೆ ನಿಜವಾದ ತಿರುವು 1934ರದು. ಕೊರತೆ ಮೊಟ್ಟೆಯಲ್ಲಿ ತಡವಾಗಿ ಏಕೆ ಕಾಣಿಸುತ್ತದೆ, ಮೊದಲ ಕೆಲವು ಮೊಟ್ಟೆ ಗಟ್ಟಿಯಾಗಿದ್ದು ಆಮೇಲಿನವು ಏಕೆ ಮೆತ್ತಗಾಗುತ್ತವೆ ಎಂಬುದಕ್ಕೆ ಅಲ್ಲಿಂದಲೇ ಉತ್ತರ ಸಿಗುತ್ತದೆ.

ಮೊಟ್ಟೆ ಸಿಕ್ಕಿಕೊಳ್ಳುವುದಕ್ಕೂ ಕ್ಯಾಲ್ಸಿಯಂಗೂ ಇರುವ ನಂಟು ಬೇರೆ ದಾರಿಯಿಂದ ತಿಳಿದುಬಂದದ್ದು. ಕಪ್ಪೆಯ ಹೃದಯ ಮಿಡಿಯಲು ಕ್ಯಾಲ್ಸಿಯಂ ಬೇಕೆಂದು ಸಿಡ್ನಿ ರಿಂಗರ್ 1883ರಲ್ಲಿ ತೋರಿಸಿದನು; ಅಂಡನಾಳದ ಸ್ನಾಯುವಿಗೂ ಅದೇ ನಿಯಮ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದ ಹಕ್ಕಿಗೆ ಮೊಟ್ಟೆಯನ್ನು ಹೊರದೂಡುವ ಬಲ ಇರುವುದಿಲ್ಲ. ಆದಕಾರಣ ಪಶುವೈದ್ಯರು ಹಕ್ಕಿಯನ್ನು ಬೆಚ್ಚಗಿಟ್ಟು ಕ್ಯಾಲ್ಸಿಯಂ ಗ್ಲುಕೋನೇಟ್ ಚುಚ್ಚುಮದ್ದು ಕೊಡುತ್ತಾರೆ. ಮೊಟ್ಟೆಯನ್ನು ಹೊಟ್ಟೆಯೊಳಗೇ ಒಡೆದು ತೆಗೆಯಲು ಮನೆಯವರು ಮಾಡುವ ಯತ್ನ ಬಹುಪಾಲು ಹಕ್ಕಿಯ ಜೀವಕ್ಕೇ ಅಪಾಯ.

ಹೆಬ್ಬಾತಿಗೆಂದೇ ಹೇಳಿದ ಅಂಕಿಗಳು ಕಡಿಮೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ ಪ್ರಕಟಿಸಿದ ಕೋಳಿಸಾಕಣೆಯ ಪೋಷಕಾಂಶ ಗ್ರಂಥದ ಒಂಬತ್ತನೆಯ ಆವೃತ್ತಿಯಂತೆ, ಮೊಟ್ಟೆಗೆ ಬಂದ ಹೆಬ್ಬಾತಿನ ಮೇವಿನಲ್ಲಿ ಕ್ಯಾಲ್ಸಿಯಂ ಶೇ. 2.25 ಇರಬೇಕು, ದಿನಕ್ಕೆ 100 ಗ್ರಾಂ ತಿನ್ನುವ ಮೊಟ್ಟೆಕೋಳಿಗೆ ಅದೇ ಗ್ರಂಥ ಹೇಳುವುದು ಶೇ. 3.25. ಹೆಬ್ಬಾತು ಹೆಚ್ಚು ತಿನ್ನುತ್ತದೆ, ಸಾಮಾನ್ಯವಾಗಿ ದಿನ ಬಿಟ್ಟು ದಿನ ಮೊಟ್ಟೆ ಇಡುತ್ತದೆ. ಹಾಗಾಗಿ ಪ್ರಮಾಣ ಕಡಿಮೆಯಾದರೂ ಸಾಕಾಗುತ್ತದೆ. ಆದರೆ ಸುಮಾರು 150 ಗ್ರಾಂ ತೂಗುವ ಒಂದು ಮೊಟ್ಟೆಯ ಚಿಪ್ಪಿನಲ್ಲಿ 6ರಿಂದ 7 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಇರುವುದು ಸುಮಾರು 2 ಗ್ರಾಂ.

ರಾಯಚೂರು ಜಿಲ್ಲೆಯ ಮೇವಿನ ಲೆಕ್ಕವನ್ನು ಈ ಅಂಕಿಗಳ ಪಕ್ಕದಲ್ಲಿಟ್ಟರೆ ಕೊರತೆಯ ಸ್ವರೂಪ ಸ್ಪಷ್ಟವಾಗುತ್ತದೆ. ಮಾನ್ವಿ ತಾಲೂಕಿನ ಕುರ್ಡಿಯಂಥ ಊರುಗಳ ಸೀಮೆಯಲ್ಲಿ ಹಳೆಯ ಕಾಳು ಜೋಳ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಮಾನ್ವಿ, ಸಿಂಧನೂರು ಕಡೆಗೂ, ನಾರಾಯಣಪುರ ಬಲದಂಡೆ ಕಾಲುವೆಯಿಂದ ದೇವದುರ್ಗದ ಕಡೆಗೂ ನೀರು ಹರಿದ ಮೇಲೆ ಭತ್ತ ಹಬ್ಬಿ, ಅಕ್ಕಿ ಗಿರಣಿಗಳ ನುಚ್ಚು, ತೌಡು ಅಗ್ಗದ ಮೇವಾದವು. 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ ಸುಮಾರು 25 ಮಿಲಿಗ್ರಾಂ ಮಾತ್ರ. ರಾಗಿಯಲ್ಲಿ ಅದು ಸುಮಾರು 344. ದಿನಕ್ಕೆ 200 ಗ್ರಾಂ ಜೋಳ ತಿಂದ ಹೆಬ್ಬಾತಿಗೆ ದೊರೆಯುವುದು 50 ಮಿಲಿಗ್ರಾಂ; ದಕ್ಷಿಣದ ಜಿಲ್ಲೆಗಳಂತೆ ರಾಗಿಯನ್ನೇ ಹಾಕಿದರೂ ಒಂದು ಚಿಪ್ಪಿನ ಹತ್ತನೆಯ ಒಂದು ಪಾಲಷ್ಟೇ ತುಂಬುತ್ತದೆ. ತೌಡಿನ ದೋಷ ಇನ್ನೊಂದು ಬಗೆಯದು: ಅದರಲ್ಲಿ ರಂಜಕ ಹೇರಳವಾಗಿದ್ದು, ಅದರ ಬಹುಭಾಗ ಫೈಟೇಟ್ ಎಂಬ ರೂಪದಲ್ಲಿರುತ್ತದೆ, ಕರುಳಿನಲ್ಲಿ ಅದು ಇದ್ದಷ್ಟು ಕ್ಯಾಲ್ಸಿಯಂ ಅನ್ನೂ ಹಿಡಿದುಕೊಳ್ಳುತ್ತದೆ. ಗದ್ದೆಗಿಳಿದ ಬಾತುಕೋಳಿ ಬಸವನಹುಳುಗಳನ್ನು ಚಿಪ್ಪು ಸಹಿತ ನುಂಗಿ ಈ ಕೊರತೆಯನ್ನು ನೀಗಿಕೊಳ್ಳುತ್ತದೆ. ಹುಲ್ಲು ಮೇಯುವ ಹೆಬ್ಬಾತಿಗೆ ಆ ದಾರಿಯಿಂದ ದೊರೆಯುವುದು ಅಲ್ಪ. ಬಿಸಿಲಿಗೆ ಬರವಿಲ್ಲದ ಈ ಜಿಲ್ಲೆಯಲ್ಲಿ, ಬಯಲಲ್ಲಿ ತಿರುಗುವ ಹಕ್ಕಿಗೆ ‘ಡಿ’ ಜೀವಸತ್ವದ ಕೊರತೆ ಬಾರದು.

ಆ ಬಿಸಿಲೇ ಇನ್ನೊಂದು ಗೊಂದಲಕ್ಕೆ ಮೂಲ. ಬಿರುಬೇಸಗೆಯಲ್ಲಿ ಹಕ್ಕಿ ಬಾಯ್ದೆರೆದು ಏದುವಾಗ ರಕ್ತದ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ, ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಸಾಲದಾಗುತ್ತದೆ. ಆಗ ಸುಣ್ಣ ಎಷ್ಟಿದ್ದರೂ ಚಿಪ್ಪು ತೆಳುವೇ. ಏಪ್ರಿಲ್, ಮೇ ತಿಂಗಳ ತೆಳುಚಿಪ್ಪಿಗೆ ನೆರಳು ಮತ್ತು ತಣ್ಣೀರು ಮೊದಲ ಮದ್ದು.

ಕರ್ನಾಟಕದ ಸಾಂಸ್ಥಿಕ ಚರಿತ್ರೆಯಲ್ಲಿ ಹೆಬ್ಬಾತು ಅಂಚಿನಲ್ಲೇ ಉಳಿದಿದೆ. ಹೆಸರಘಟ್ಟದ ಕೇಂದ್ರ ಸರ್ಕಾರಿ ಕ್ಷೇತ್ರ ಕೋಳಿ ಮತ್ತು ಬಾತುಕೋಳಿಗಳಿಗೆ ಗಮನ ಕೊಟ್ಟಿತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಹೈದರಾಬಾದಿನಿಂದ ಬಂದ ವನರಾಜ, ಗ್ರಾಮಪ್ರಿಯ ಇವೆಲ್ಲ ಹಿತ್ತಿಲಿನ ಕೋಳಿಗಳು. ಹೀಗಾಗಿ ಹೆಬ್ಬಾತು ಸಾಕುವವರ ಕೈಗೆ ಸುಲಭವಾಗಿ ಸಿಗುವುದು ಮೊಟ್ಟೆಕೋಳಿಯ ಮೇವಿನ ಚೀಲ. ಮೊಟ್ಟೆಗೆ ಬಂದ ಹೆಬ್ಬಾತಿಗೆ ಅದು ಸಲ್ಲುತ್ತದೆ. ಮೊದಲ ನಾಲ್ಕು ವಾರಗಳಲ್ಲಿ ಶೇ. 0.65 ಕ್ಯಾಲ್ಸಿಯಂ ಮಾತ್ರ ಬೇಕಾದ ಮರಿಗಳಿಗೆ ಅದನ್ನೇ ತಿನ್ನಿಸಿದರೆ ಮೂತ್ರಪಿಂಡ ಕೆಡುತ್ತದೆ. ಆದ್ದರಿಂದ ಎಲ್ಲ ಹಕ್ಕಿಗಳಿಗೂ ಕಾಳಿನ ಮೇವು ಹಾಕಿ, ಚಿಪ್ಪಿನ ಪುಡಿ ಅಥವಾ ಸುಣ್ಣಕಲ್ಲಿನ ಹರಳನ್ನು ಬೇರೆ ಬಟ್ಟಲಲ್ಲಿ, ಮೊಟ್ಟೆ ಇಡುವ ಹೆಣ್ಣಿಗೆ ಬೇಕಾದಾಗ ಸಿಗುವಂತೆ ಇಡುವುದೇ ಹೆಚ್ಚು ಸುರಕ್ಷಿತ ಕ್ರಮ.